ಹಣ ಕೊಟ್ಟರೆ ಪಾಪ ಹೋಗುತ್ತದೆ ಅಂತ ಚರ್ಚ್ ನಿಜವಾಗಿ ಹೇಳಿತ್ತಾ? ಒಂಬತ್ತನೇ ಕ್ಲಾಸಿನ ಪಾಠದಿಂದ ಎದ್ದ ಪ್ರಶ್ನೆ

ಹಾಸನದ_ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ಒಂದು ಪ್ರಶ್ನೆ ಮೂರು ದಿನದಿಂದ ತಲೆ ಕೊರೆಯುತ್ತಿದೆ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಈ ವಾರ ಒಂಬತ್ತನೇ ಕ್ಲಾಸಿಗೆ ಮತ ಸುಧಾರಣೆಯ ಪಾಠ ಇತ್ತು. ಇಷ್ಟು ವರ್ಷ ಹೇಳಿದ ಹಾಗೆಯೇ ಹೇಳಿದೆ. ಪೋಪ್ ಪಾಪವಿಮೋಚನಾ ಪತ್ರ ಮಾರಿಸಿದರು, ಹಣ ಕೊಟ್ಟರೆ ಪಾಪ ಹೋಗುತ್ತದೆ ಅಂತ ಜನರನ್ನು ನಂಬಿಸಿದರು, ಟೆಟ್ಜೆಲ್ ಅನ್ನುವವನು ವಿಟೆನ್‌ಬರ್ಗಿಗೆ ಬಂದು ಮಾರಿದ, ಮಾರ್ಟಿನ್ ಲೂಥರ್ 1517ರಲ್ಲಿ 95 ವಾದಗಳನ್ನು ಚರ್ಚ್ ಬಾಗಿಲಿಗೆ ಮೊಳೆ ಹೊಡೆದು ಹಾಕಿದ, ಕ್ರೈಸ್ತರು ಎರಡಾದರು.

ಒಬ್ಬ ಹುಡುಗ ಎದ್ದು ನಿಂತು "ಹಾಗಾದ್ರೆ ಕೊಲೆ ಮಾಡಿ ಚೀಟಿ ತಗೊಂಡ್ರೆ ಆಯ್ತಲ್ಲ ಸರ್" ಅಂದ. ಇಡೀ ಕ್ಲಾಸ್ ನಕ್ಕಿತು. ನಾನೂ ನಕ್ಕೆ. ಎರಡನೇ ಬೆಂಚಿನಲ್ಲಿ ಒಬ್ಬಳು ಕ್ಯಾಥೊಲಿಕ್ ಹುಡುಗಿ ಇದ್ದಾಳೆ, ಅವಳು ಮಾತ್ರ ತಲೆ ತಗ್ಗಿಸಿ ಕೂತಿದ್ದಳು. ಬೆಲ್ ಆದಮೇಲೆ ಹತ್ತಿರ ಬಂದು "ನಮ್ಮ ಚರ್ಚ್‌ನಲ್ಲಿ ಹಾಗೆ ಯಾರೂ ಮಾರಲ್ಲ ಸರ್" ಅಂತ ಅಷ್ಟೇ ಹೇಳಿ ಹೋದಳು.

ಅವತ್ತಿನಿಂದ ಮನಸ್ಸಿಗೆ ಸಮಾಧಾನ ಇಲ್ಲ. ಆ ಪತ್ರದಲ್ಲಿ ನಿಜವಾಗಿ ಏನಿತ್ತು? ಚರ್ಚ್ ಏನು ಹೇಳುತ್ತಿತ್ತು, ಮಾರುವವರು ಏನು ಹೇಳುತ್ತಿದ್ದರು? ಈಗ ಅದೆಲ್ಲ ಇದೆಯಾ, ಇಲ್ಲವಾ? ಸೋಮವಾರ ಅದೇ ಕ್ಲಾಸ್ ಇದೆ. ತಿಳಿದವರು ದಯವಿಟ್ಟು ಹೇಳಿ.

ನೇರ_ಮಾತು:
ಇದರಲ್ಲಿ ಗೊಂದಲ ಏನಿದೆ ಸರ್? ಹಣ ತಗೊಂಡರು, ಸ್ವರ್ಗ ಕೊಡ್ತೀವಿ ಅಂದರು. ನೀವು ಪಾಠ ಸರಿಯಾಗೇ ಮಾಡಿದ್ದೀರಿ.

ಅತ್ತೂರು_ಹುಡುಗಿ:
ಮೇಷ್ಟ್ರೇ, ಮೊದಲು ನಿಮಗೆ ಥ್ಯಾಂಕ್ಸ್. ನಾನು ಕಾರ್ಕಳದ ಕ್ಯಾಥೊಲಿಕ್. ನಾನೂ ಸ್ಕೂಲಿನಲ್ಲಿ ಆ ಹುಡುಗಿಯ ಹಾಗೆ ಕೂತಿದ್ದೆ. ಅವತ್ತು ನನ್ನ ಮೇಷ್ಟ್ರು ಯಾರನ್ನೂ ಕೇಳಲಿಲ್ಲ.

ತೊಂದರೆ ಶುರುವಾಗುವುದೇ "ಪಾಪವಿಮೋಚನಾ ಪತ್ರ" ಅನ್ನುವ ಮಾತಿನಿಂದ. ಇಂಡಲ್ಜೆನ್ಸ್ ಅಂದರೆ ಪಾಪದ ಕ್ಷಮೆ ಅಲ್ಲ. ನಮ್ಮಲ್ಲಿ ಪಾಪದ ಕ್ಷಮೆ ಸಿಗುವುದು ಪಾಪನಿವೇದನೆಯಲ್ಲಿ, ಪಶ್ಚಾತ್ತಾಪಪಟ್ಟು ಗುರುಗಳ ಮುಂದೆ ಹೇಳಿಕೊಂಡಾಗ. ಅದಕ್ಕೆ ಆಗಲೂ ದುಡ್ಡು ಇಲ್ಲ, ಈಗಲೂ ಇಲ್ಲ. ಆದರೆ ಕ್ಷಮೆ ಸಿಕ್ಕಿದ ಮೇಲೂ ಮಾಡಿದ ತಪ್ಪಿನ ಭಾರ ಒಂದಿಷ್ಟು ಉಳಿಯುತ್ತದೆ ಅಂತ ನಮ್ಮ ನಂಬಿಕೆ.

ದೊತೊರ್ನ್ ಕ್ಲಾಸಿನಲ್ಲಿ (ಭಾನುವಾರದ ನಮ್ಮ ಧರ್ಮಪಾಠ) ನಮಗೆ ಹೇಳಿಕೊಟ್ಟ ಟೀಚರ್ ಗದ್ದೆಯವರು. ಅವರು ಹೇಳುತ್ತಿದ್ದುದು ಹೀಗೆ. ನಿನ್ನ ಉದಾಸೀನದಿಂದ ಬದು ಒಡೆದು ಪಕ್ಕದವರ ಗದ್ದೆಗೆ ನೀರು ನುಗ್ಗಿತು ಅಂದುಕೋ. ನೀನು ಹೋಗಿ ಕೈ ಮುಗಿದೆ. ಅವರು "ಹೋಗ್ಲಿ ಬಿಡು" ಅಂದರು. ಕ್ಷಮೆ ಸಿಕ್ಕಿತು. ಆದರೆ ಬದು ಇನ್ನೂ ಒಡೆದೇ ಇದೆ ಅಲ್ವಾ? ಅದನ್ನು ಕಟ್ಟಬೇಕಲ್ಲ. ಆ ಬದು ಕಟ್ಟುವ ಕೆಲಸ ಬದುಕಿರುವಾಗ ಮುಗಿಯದಿದ್ದರೆ ಸತ್ತ ಮೇಲೆ ಶುದ್ಧೀಕರಣದ ಸ್ಥಳದಲ್ಲಿ ಮುಗಿಯುತ್ತದೆ, ನಾವು ಪರ್ಗೆಟರಿ ಅನ್ನುವುದು ಅದನ್ನೇ. ಇಂಡಲ್ಜೆನ್ಸ್ ಅಂದರೆ ಆ ಕೆಲಸದಲ್ಲಿ ಸಿಗುವ ರಿಯಾಯಿತಿ, ಪಾಪಕ್ಕೆ ಪರವಾನಗಿ ಅಲ್ಲ. ಕೊಲೆ ಮಾಡಿ ಚೀಟಿ ತಗೊಂಡರೆ ಚರ್ಚಿನ ನಿಯಮದ ಪ್ರಕಾರ ಆ ಚೀಟಿಗೆ ಬೆಲೆಯೇ ಇಲ್ಲ, ಪಶ್ಚಾತ್ತಾಪವೇ ಇಲ್ಲವಲ್ಲ.

ನೇರ_ಮಾತು:
ಅಕ್ಕ, ನೀವು ಹೇಳಿದ್ದು ಪುಸ್ತಕದ ಮಾತು. 1517ರಲ್ಲಿ ಸಂತೆಗೆ ಬಂದ ರೈತನಿಗೆ ಈ ವ್ಯತ್ಯಾಸ ಯಾರು ಹೇಳಿದರು? ಪೆಟ್ಟಿಗೆಗೆ ನಾಣ್ಯ ಬಿತ್ತು, ಆತ್ಮ ಮೇಲಕ್ಕೆ ಹಾರಿತು ಅಂತ ತಾನೇ ಟೆಟ್ಜೆಲ್ ಕೂಗಿದ್ದು?

ಇತಿಹಾಸ_ಪ್ರಿಯ:
ಇಬ್ಬರದೂ ಸರಿ, ಅದೇ ಇಲ್ಲಿನ ಕಷ್ಟ. ಸ್ವಲ್ಪ ಹಿಂದಿನಿಂದ ಹೇಳುತ್ತೇನೆ, ಉದ್ದ ಆಗುತ್ತದೆ.

1095ರಲ್ಲಿ ಎರಡನೇ ಅರ್ಬನ್ ಪೋಪ್ ಕ್ಲೆರ್ಮಾಂಟಿನಲ್ಲಿ ಜೆರುಸಲೇಮಿನ ಯುದ್ಧಕ್ಕೆ ಕರೆ ಕೊಟ್ಟರು. ಭಕ್ತಿಯಿಂದ ಹೋಗುವವರಿಗೆ ಆ ಪ್ರಯಾಣವೇ ಪೂರ್ತಿ ಪ್ರಾಯಶ್ಚಿತ್ತ ಅಂದರು. ಅಲ್ಲಿ ದುಡ್ಡಿನ ಮಾತಿಲ್ಲ, ಪ್ರಾಣವನ್ನೇ ಪಣಕ್ಕಿಡಬೇಕು. ಆಮೇಲೆ ತಾನು ಹೋಗಲಾಗದವರು ಹೋಗುವವರ ಖರ್ಚು ಕೊಟ್ಟರೂ ಸಾಕು ಅಂತಾಯಿತು. 1300ರಲ್ಲಿ ಎಂಟನೇ ಬಾನಿಫೇಸ್ ಜೂಬಿಲಿ ವರ್ಷ ಸಾರಿದರು, ರೋಮಿಗೆ ಯಾತ್ರೆ ಬಂದವರಿಗೆ ಪೂರ್ತಿ ರಿಯಾಯಿತಿ. 1343ರಲ್ಲಿ ಆರನೇ ಕ್ಲೆಮೆಂಟ್ "ಪುಣ್ಯದ ಭಂಡಾರ" ಅನ್ನುವ ವಿಚಾರಕ್ಕೆ ಅಧಿಕೃತ ಮುದ್ರೆ ಒತ್ತಿದರು. ಕ್ರಿಸ್ತನ ಪುಣ್ಯ, ಸಂತರ ಪುಣ್ಯ ಎಲ್ಲ ಒಂದು ಭಂಡಾರದಲ್ಲಿದೆ, ಅದರಿಂದ ತೆಗೆದು ಕೊಡುವ ಅಧಿಕಾರ ಚರ್ಚಿಗೆ ಇದೆ ಅಂತ. 1476ರಲ್ಲಿ ನಾಲ್ಕನೇ ಸಿಕ್ಸ್ಟಸ್ ಇನ್ನೊಂದು ಹೆಜ್ಜೆ ಇಟ್ಟರು. ಇದು ಸತ್ತವರಿಗೂ ಉಪಯೋಗ ಆಗುತ್ತದೆ ಅಂದರು.

ನನ್ನ ಅನಿಸಿಕೆ ಕೇಳಿದರೆ ಎಲ್ಲ ಬದಲಾಗಿದ್ದು ಅಲ್ಲೇ. ತನ್ನ ಪಾಪಕ್ಕೆ ಮನುಷ್ಯ ನಾಳೆ ನೋಡಿದರಾಯಿತು ಅಂದುಕೊಳ್ಳುತ್ತಾನೆ. ಸತ್ತ ತಾಯಿ ಬೆಂಕಿಯಲ್ಲಿದ್ದಾಳೆ ಅಂದರೆ ಯಾರು ಸುಮ್ನೆ ಇರುತ್ತಾರೆ? ಟೆಟ್ಜೆಲ್‌ನ ಉಪದೇಶದಲ್ಲಿ ಇದ್ದದ್ದು ಇದೇ. ನಿಮ್ಮ ಅಪ್ಪ ಅಮ್ಮ ನರಳಿ ಕೂಗುತ್ತಿದ್ದಾರೆ, ಸ್ವಲ್ಪ ಕಾಸಿನಿಂದ ನೀವು ಬಿಡಿಸಬಹುದು, ಬಿಡಿಸುತ್ತಿಲ್ಲ ಅಂತ.

ಒಂದು ತಿದ್ದುಪಡಿ ಮೇಷ್ಟ್ರೇ. ಟೆಟ್ಜೆಲ್ ವಿಟೆನ್‌ಬರ್ಗಿಗೆ ಬರಲೇ ಇಲ್ಲ. ಅಲ್ಲಿನ ದೊರೆ ಫ್ರೆಡರಿಕ್ ತನ್ನ ಸೀಮೆಯಲ್ಲಿ ಈ ಮಾರಾಟಕ್ಕೆ ಬಿಡಲಿಲ್ಲ. ಟೆಟ್ಜೆಲ್ ಗಡಿಯಾಚೆ ಯೂಟರ್‌ಬೋಗ್, ಜೆರ್ಬ್ಸ್ಟ್ ಊರುಗಳಲ್ಲಿ ಮಾರಿದ. ವಿಟೆನ್‌ಬರ್ಗಿನ ಜನ ಅಲ್ಲಿಗೆ ನಡೆದುಕೊಂಡು ಹೋಗಿ ತಂದರು, ತಂದ ಪತ್ರವನ್ನು ಪಾಪನಿವೇದನೆಗೆ ಬಂದಾಗ ಲೂಥರಿಗೆ ತೋರಿಸಿದರು.

ಬಲ್ಮಠದವನು:
ಫ್ರೆಡರಿಕ್ ಧರ್ಮಾತ್ಮ ಅಂತ ಬಿಡಲಿಲ್ಲ ಅಂದುಕೊಳ್ಳಬೇಡಿ. ಅವನ ಹತ್ತಿರ ಸಂತರ ಎಲುಬು, ಬಟ್ಟೆಚೂರು ಇಂಥ ಪವಿತ್ರ ಅವಶೇಷಗಳು 1520ರ ಹೊತ್ತಿಗೆ 19,000ಕ್ಕೂ ಜಾಸ್ತಿ ಇದ್ದವು. ಅವುಗಳ ದರ್ಶನ ಮಾಡಿ ಕಾಣಿಕೆ ಕೊಟ್ಟವರಿಗೂ ಇಂಡಲ್ಜೆನ್ಸ್ ಇತ್ತು. ತನ್ನ ಊರಿನ ದುಡ್ಡು ಹೊರಗೆ ಹೋಗಬಾರದು, ಅಷ್ಟೇ.

ನೇರ_ಮಾತು:
ನೋಡಿದ್ರಾ? ಎಲ್ಲ ದುಡ್ಡಿನದೇ.

ಲೆಕ್ಕದ_ಪುಸ್ತಕ:
ದುಡ್ಡಿನ ವಿಷಯ ಬಂತಲ್ಲ, ಇದನ್ನು ಹೇಳದೆ ಇರಲಾರೆ. ನಾನು ಮೂವತ್ತು ವರ್ಷ ಬ್ಯಾಂಕಿನಲ್ಲಿ ಸಾಲದ ಫೈಲ್ ನೋಡಿದವನು. ಈ ಕಥೆಯಲ್ಲಿ ನನಗೆ ಮರೆಯಲಾಗದ್ದು ಇದರ ಹಿಂದಿರುವ ಸಾಲ.

ಆಲ್ಬ್ರೆಕ್ಟ್ ಅಂತ ಬ್ರಾಂಡೆನ್‌ಬರ್ಗ್ ರಾಜಮನೆತನದ ಹುಡುಗ, ಹುಟ್ಟಿದ್ದು 1490ರಲ್ಲಿ. 1513ರಲ್ಲಿ ಮಾಗ್ಡೆಬರ್ಗಿನ ಆರ್ಚ್‌ಬಿಷಪ್ ಆದ. ಮರುವರ್ಷ ಮೈನ್ಸ್ ಕೂಡ ಬೇಕು ಅಂದ. ಮೈನ್ಸಿನ ಆರ್ಚ್‌ಬಿಷಪ್ ಅಂದರೆ ಚಕ್ರವರ್ತಿಯನ್ನು ಆರಿಸುವ ಏಳು ಜನರಲ್ಲಿ ಒಬ್ಬ. ಆದರೆ ವಯಸ್ಸು ಸಾಲದು, ಒಬ್ಬನೇ ಎರಡು ದೊಡ್ಡ ಪೀಠ ಹಿಡಿಯುವುದಕ್ಕೂ ನಿಯಮ ಬಿಡುವುದಿಲ್ಲ. ನಿಯಮ ಸಡಿಲಿಸಲು ರೋಮಿಗೆ ದೊಡ್ಡ ಮೊತ್ತ ಕಟ್ಟಬೇಕು. ಅಷ್ಟು ಹಣ ಅವನಲ್ಲಿ ಇರಲಿಲ್ಲ. ಆಗ್ಸ್‌ಬರ್ಗಿನ ಫುಗ್ಗರ್ ಮನೆತನದಿಂದ ಸುಮಾರು 29,000 ಗುಲ್ಡನ್ (ಆ ಕಾಲದ ಚಿನ್ನದ ನಾಣ್ಯ) ಸಾಲ ಎತ್ತಿದ. ಆ ಕಾಲದ ಯುರೋಪಿನಲ್ಲಿ ಅವರಿಗಿಂತ ದೊಡ್ಡ ಸಾಹುಕಾರರು ಇರಲಿಲ್ಲ.

ಸಾಲ ತೀರಿಸುವುದು ಹೇಗೆ? 1515ರಲ್ಲಿ ಹತ್ತನೇ ಲಿಯೋ ಪೋಪ್ ಅನುಮತಿ ಕೊಟ್ಟರು. ಆಲ್ಬ್ರೆಕ್ಟ್‌ನ ಸೀಮೆಯಲ್ಲಿ ಇಂಡಲ್ಜೆನ್ಸ್ ಸಾರಬಹುದು, ಬಂದದ್ದರಲ್ಲಿ ಅರ್ಧ ರೋಮಿನ ಸಂತ ಪೀಟರ್ ಬಸಿಲಿಕಾ ಅನ್ನುವ ದೊಡ್ಡ ಚರ್ಚ್ ಕಟ್ಟುವುದಕ್ಕೆ, ಇನ್ನರ್ಧ ಫುಗ್ಗರ್ ಸಾಲಕ್ಕೆ. ಜನರಿಗೆ ಹೇಳಿದ್ದು ಬಸಿಲಿಕಾ ಮಾತ್ರ. ಫುಗ್ಗರ್ ಕಡೆಯ ಗುಮಾಸ್ತ ಪೆಟ್ಟಿಗೆಯ ಜೊತೆಗೇ ಊರೂರು ತಿರುಗುತ್ತಿದ್ದ. ಲೂಥರಿಗೇ ಈ ಒಳಲೆಕ್ಕ ಆಗ ಗೊತ್ತಿರಲಿಲ್ಲ. ಅವರು ಆಲ್ಬ್ರೆಕ್ಟ್‌ಗೇ ಪತ್ರ ಬರೆದರು, ನಿಮ್ಮ ಹೆಸರಿನಲ್ಲಿ ಇಂಥ ಅನ್ಯಾಯ ನಡೆಯುತ್ತಿದೆ, ತಡೆಯಿರಿ ಅಂತ.

ಇನ್ನೊಂದು ಸಂಗತಿ ನನ್ನ ಮನಸ್ಸಿನಲ್ಲಿ ಕೂತಿದೆ. ಆಲ್ಬ್ರೆಕ್ಟ್ ಮಾರಾಟಗಾರರಿಗೆ ಕೊಟ್ಟ ಸೂಚನೆಯಲ್ಲಿ ದರದ ಪಟ್ಟಿ ಇದೆ. ದೊರೆ, ಬಿಷಪ್ ಮುಂತಾದವರಿಗೆ 25 ಗುಲ್ಡನ್. ಕೆಳಗೆ ಬರುತ್ತಾ ಕೈಕಸುಬಿನವರಿಗೆ ಒಂದು, ಅದಕ್ಕೂ ಕೆಳಗಿನವರಿಗೆ ಅರ್ಧ. ಏನೂ ಇಲ್ಲದವರು ಪ್ರಾರ್ಥನೆ, ಉಪವಾಸ ಮಾಡಿದರೆ ಸಾಕು, ಸ್ವರ್ಗ ಶ್ರೀಮಂತರಿಗೆ ಎಷ್ಟೋ ಬಡವರಿಗೂ ಅಷ್ಟೇ ತೆರೆದಿರಬೇಕು ಅಂತ ಬರೆದಿದೆ. ಕಾಗದದಲ್ಲಿ ಇದೆ. ಸಾಲ ವಸೂಲಿಗೆ ಕೂತ ಗುಮಾಸ್ತನ ಎದುರು ಎಷ್ಟು ಬಡವರಿಗೆ ಹಾಗೆ ಬಿಟ್ಟರೋ, ನೀವೇ ಯೋಚಿಸಿ.

ಅತ್ತೂರು_ಹುಡುಗಿ:
ಲೆಕ್ಕದ ಸರ್, ಇದನ್ನು ಓದಿ ನನಗೆ ಬೇಜಾರಾಯಿತು. ನಿಜ ಹೇಳುತ್ತೇನೆ, ಇದು ನಮಗೆ ನಾಚಿಕೆಯ ವಿಷಯ, ಮುಚ್ಚಿಡುವುದಿಲ್ಲ. ನಮ್ಮ ಚರ್ಚೇ ಅದನ್ನು ಒಪ್ಪಿಕೊಂಡಿದೆ. ನಮ್ಮ ಚರ್ಚಿನ ಮಹಾಸಭೆ ಟ್ರೆಂಟ್ ಊರಿನಲ್ಲಿ 1545ರಿಂದ 1563ರವರೆಗೆ ನಡೆಯಿತು. ಅಲ್ಲೇ 1562ರಲ್ಲಿ ಹೀಗೆ ಊರೂರು ತಿರುಗಿ ಹಣ ಎತ್ತುವ ಹುದ್ದೆಯನ್ನೇ ತೆಗೆದುಹಾಕಿದರು. 1567ರಲ್ಲಿ ಐದನೇ ಪಿಯುಸ್ ಪೋಪ್ ಹಣಕ್ಕೆ ಗಂಟು ಬಿದ್ದಿದ್ದ ಎಲ್ಲ ಇಂಡಲ್ಜೆನ್ಸ್ ರದ್ದು ಮಾಡಿದರು. ಹಾಗಾಗಿ ಮೇಷ್ಟ್ರೇ, ನಿಮ್ಮ ವಿದ್ಯಾರ್ಥಿನಿ ಹೇಳಿದ್ದು ನಿಜ. ಈಗ ಯಾರೂ ಮಾರುವುದಿಲ್ಲ, 450 ವರ್ಷದಿಂದ ಮಾರಿಲ್ಲ.

ಧಾರವಾಡದಿಂದ:
ಅಂದರೆ ಲೂಥರ್ ಹೇಳಿದ್ದನ್ನೇ 50 ವರ್ಷ ತಡವಾಗಿ ಮಾಡಿದರು. ಮೊದಲೇ ಮಾಡಿದ್ದರೆ ಅಷ್ಟು ರಕ್ತ ಹರಿಯುತ್ತಿರಲಿಲ್ಲ.

ಬಲ್ಮಠದವನು:
ಅಷ್ಟು ಸುಲಭ ಅಲ್ಲ ಅಣ್ಣ. ನಾನು ಮಂಗಳೂರಿನ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರೊಟೆಸ್ಟೆಂಟ್) ಸಭೆಯವನು. ನಮ್ಮ ಕಡೆಯಲ್ಲೂ ಜನ 95 ವಾದಗಳನ್ನು ಓದದೇ ಮಾತಾಡುತ್ತಾರೆ, ಅದಕ್ಕೆ ಬರೆಯುತ್ತಿದ್ದೇನೆ.

1517ರಲ್ಲಿ ಲೂಥರ್ ಪ್ರೊಟೆಸ್ಟೆಂಟ್ ಅಲ್ಲ. ಅಗಸ್ಟೀನಿಯನ್ ಸನ್ಯಾಸಿ, ವಿಶ್ವವಿದ್ಯಾಲಯದ ಮೇಷ್ಟ್ರು. ಇಂಡಲ್ಜೆನ್ಸ್ ಬೇಡವೇ ಬೇಡ ಅಂತ ಆ ವಾದಗಳಲ್ಲಿ ಇಲ್ಲ. 71ನೆಯದು ಅದನ್ನು ಪೂರ್ತಿ ಅಲ್ಲಗಳೆಯುವವರಿಗೇ ಶಾಪ ಹಾಕುತ್ತದೆ! ಅವರ ಸಿಟ್ಟು ಬೇರೆ. ಮೊದಲನೇ ವಾದವೇ ಹೇಳುತ್ತದೆ, ಕ್ರೈಸ್ತನ ಇಡೀ ಬಾಳೇ ಪಶ್ಚಾತ್ತಾಪ ಆಗಬೇಕು ಅಂತ. ಒಂದು ಕಾಗದ ತಂದು ಮುಗೀತು ಅನ್ನುವಂತಿಲ್ಲ. 43ನೆಯದು, ಬಡವನಿಗೆ ಕೊಡುವುದು, ಇಲ್ಲದವನಿಗೆ ಸಾಲ ಕೊಡುವುದು ಇಂಡಲ್ಜೆನ್ಸ್ ಕೊಳ್ಳುವುದಕ್ಕಿಂತ ಒಳ್ಳೆಯ ಕೆಲಸ. 45ನೆಯದು ಇನ್ನೂ ಖಾರ. ಕಷ್ಟದಲ್ಲಿರುವವನನ್ನು ಕಂಡೂ ದಾಟಿ ಹೋಗಿ ಇಂಡಲ್ಜೆನ್ಸಿಗೆ ಹಣ ಕೊಡುವವನು ಕೊಳ್ಳುವುದು ದೇವರ ಕೋಪವನ್ನು. 50ರಲ್ಲಿ, ಈ ಮಾರಾಟಗಾರರ ಸುಲಿಗೆ ಪೋಪರಿಗೆ ಗೊತ್ತಾದರೆ ತನ್ನ ಕುರಿಗಳ ಚರ್ಮ, ಮಾಂಸ, ಎಲುಬಿನಿಂದ ಕಟ್ಟುವುದಕ್ಕಿಂತ ಆ ಬಸಿಲಿಕಾ ಸುಟ್ಟು ಬೂದಿಯಾಗಲಿ ಅನ್ನುತ್ತಾರೆ ಅಂತ ಬರೆದರು. ಆಗ ಅವರಿಗೆ ಪೋಪರ ಮೇಲೆ ಇನ್ನೂ ಆಸೆ ಇತ್ತು.

82ನೆಯದು ಜನ ಕೇಳುತ್ತಿದ್ದ ಪ್ರಶ್ನೆ. ಆತ್ಮಗಳನ್ನು ಬಿಡಿಸುವ ಅಧಿಕಾರ ಪೋಪರಿಗೆ ಇದೆ ಅಂದರೆ ಹಣ ಯಾಕೆ, ಪ್ರೀತಿಯಿಂದಲೇ ಎಲ್ಲರನ್ನೂ ಬಿಡಿಸಬಾರದೇ? ಮೇಷ್ಟ್ರೇ, ನಿಮ್ಮ ಕ್ಲಾಸಿನ ಯಾವ ಮಗುವೂ ಇದನ್ನು ಕೇಳಬಲ್ಲದು.

ಲೈಪ್ಜಿಗ್_ಕನ್ನಡಿಗ:
ಬಲ್ಮಠದವರೇ ಚೆನ್ನಾಗಿ ಬರೆದಿರಿ. ನಾನು ಇಲ್ಲಿ ಕೆಲಸಕ್ಕೆ ಬಂದು ಆರು ವರ್ಷ. ಈ ಊರುಗಳೆಲ್ಲ ರೈಲಿನಲ್ಲಿ ಹೋಗಿ ಬರುವಷ್ಟು ಹತ್ತಿರ.

ಬಾಗಿಲಿನ ವಿಷಯ. ವಿಟೆನ್‌ಬರ್ಗಿನ ಅರಮನೆ ಚರ್ಚಿನ ಹಳೆಯ ಮರದ ಬಾಗಿಲು ಈಗಿಲ್ಲ. 1760ರ ಯುದ್ಧದಲ್ಲಿ ಸುಟ್ಟುಹೋಯಿತು. ಈಗಿರುವುದು 1858ರಲ್ಲಿ ಹಾಕಿದ ಕಂಚಿನ ಬಾಗಿಲು. ಅದರ ಮೇಲೆ 95 ವಾದಗಳನ್ನೂ ಲ್ಯಾಟಿನ್‌ನಲ್ಲಿ ಕೆತ್ತಿದ್ದಾರೆ. ಲೂಥರ್ ತಾವೇ ಎಲ್ಲೂ "ನಾನು ಮೊಳೆ ಹೊಡೆದೆ" ಅಂತ ಬರೆದಿಲ್ಲ. 1961ರಲ್ಲಿ ಎರ್ವಿನ್ ಇಸರ್ಲೋ ಅನ್ನುವ ಕ್ಯಾಥೊಲಿಕ್ ಇತಿಹಾಸಕಾರರು ಇದು ನಡೆದೇ ಇಲ್ಲ ಅಂದರು, ಆವತ್ತಿನಿಂದ ಜಗಳ ನಡೆಯುತ್ತಲೇ ಇದೆ. 1517ರ ಅಕ್ಟೋಬರ್ 31ರಂದು ಆಲ್ಬ್ರೆಕ್ಟ್‌ಗೆ ಪತ್ರ ಕಳಿಸಿದ್ದು ಮಾತ್ರ ಗಟ್ಟಿ.

ಯೂಟರ್‌ಬೋಗಿಗೂ ಹೋಗಿದ್ದೆ. ಅಲ್ಲಿನ ನಿಕೊಲಾಯ್ ಚರ್ಚಿನಲ್ಲಿ ಒಂದು ಹಳೆಯ ಪೆಟ್ಟಿಗೆ ಇದೆ, ಟೆಟ್ಜೆಲ್ ಪೆಟ್ಟಿಗೆ ಅಂತಲೇ ಕರೆಯುತ್ತಾರೆ. ಕಬ್ಬಿಣದ ಪಟ್ಟಿ ಬಡಿದ ಭಾರದ ಪೆಟ್ಟಿಗೆ. ಅದರ ಮುಂದೆ ನಿಂತಾಗ ನನಗೆ ನೆನಪಾದದ್ದು ನಮ್ಮಜ್ಜಿ ಸೆರಗಿನ ಗಂಟಿನಿಂದ ಬಿಚ್ಚಿ ಕೊಡುತ್ತಿದ್ದ ನಾಣ್ಯ. ಅಂಥ ಎಷ್ಟು ಅಜ್ಜಿಯರು ಆ ಪೆಟ್ಟಿಗೆಯ ಮುಂದೆ ಗಂಟು ಬಿಚ್ಚಿರಬೇಕು. ತುಂಬ ಹೊತ್ತು ಅಲ್ಲೇ ನಿಂತಿದ್ದೆ.

ಇತಿಹಾಸ_ಪ್ರಿಯ:
ಟೆಟ್ಜೆಲ್ ಸತ್ತದ್ದು ನಿಮ್ಮ ಲೈಪ್ಜಿಗ್‌ನಲ್ಲೇ ಅಲ್ವಾ?

ಲೈಪ್ಜಿಗ್_ಕನ್ನಡಿಗ:
ಹೌದು, 1519ರಲ್ಲಿ. ಆ ಹೊತ್ತಿಗೆ ಎಲ್ಲರೂ ಅವನ ಕೈಬಿಟ್ಟಿದ್ದರು. ಕಾಯಿಲೆ ಬಿದ್ದು ಮಲಗಿದ್ದಾಗ ಸಮಾಧಾನದ ಕಾಗದ ಬರೆದದ್ದು ಯಾರು ಗೊತ್ತಾ? ಲೂಥರ್. ಈ ಗಲಾಟೆ ನಿನ್ನಿಂದ ಹುಟ್ಟಿದ್ದಲ್ಲ, ಈ ಮಗುವಿಗೆ ಬೇರೆಯೇ ಅಪ್ಪ ಇದ್ದಾನೆ ಅಂತ ಬರೆದರು. ಟೆಟ್ಜೆಲ್‌ನನ್ನು ಹೂಳಿದ ಚರ್ಚನ್ನು 1968ರಲ್ಲಿ ಪೂರ್ವ ಜರ್ಮನಿಯ ಸರ್ಕಾರ ಸ್ಫೋಟಿಸಿ ಕೆಡವಿತು. ನಾನು ದಿನಾ ಆ ಜಾಗ ದಾಟಿ ಆಫೀಸಿಗೆ ಹೋಗುತ್ತೇನೆ.

ನೇರ_ಮಾತು:
ಲೂಥರ್ ದೇವರಂಥವರು ಅಂತ ಮಾಡಬೇಡಿ. 1525ರಲ್ಲಿ ರೈತರು ಎದ್ದಾಗ ಅವರನ್ನು ಕೊಲ್ಲಿ ಅಂತ ದೊರೆಗಳಿಗೆ ಬರೆದವರು ಅವರೇ. 1543ರಲ್ಲಿ ಯಹೂದಿಗಳ ವಿರುದ್ಧ ಬರೆದದ್ದನ್ನು ಓದಿದರೆ ಮೈ ನಡುಗುತ್ತದೆ. ಪಾಠದಲ್ಲಿ ಇದೂ ಬರಲಿ.

ಬಲ್ಮಠದವನು:
ಒಪ್ಪುತ್ತೇನೆ. ಯಹೂದಿಗಳ ಬಗ್ಗೆ ಅವರು ಬರೆದದ್ದನ್ನು ಲೂಥರನ್ ಸಭೆಗಳೇ ತಳ್ಳಿಹಾಕಿವೆ. ತಳ್ಳಿಹಾಕಬೇಕಾದದ್ದೇ.

ಶಿರಸಿ_ಪುರೋಹಿತ:
ಹೊರಗಿನವನು ಒಂದು ಮಾತು ಹೇಳಲೇ? ಅಕ್ಕ ಹೇಳಿದ ಬದುವಿನ ಮಾತು ನನಗೆ ಹತ್ತಿರ ಅನಿಸಿತು. ನಮ್ಮಲ್ಲೂ ಪ್ರಾಯಶ್ಚಿತ್ತ ಇದೆ. ವ್ರತ, ಉಪವಾಸ, ಜಪ ಮಾಡಲಾಗದವನು ಬದಲಿಗೆ ಗೋದಾನ ಮಾಡಬಹುದು, ಗೋವು ಇಲ್ಲದಿದ್ದರೆ ಅದರ ಬೆಲೆ ಕೊಡಬಹುದು. ಮೈಗೆ ಆಗದವನಿಗೆ ಅನುಕೂಲ ಆಗಲಿ ಅಂತ ಕೊಟ್ಟದ್ದು. ಆಮೇಲೆ ಮೈಗಟ್ಟಿ ಇದ್ದವನೂ "ಎಷ್ಟಾಗುತ್ತದೆ ಭಟ್ರೇ, ಕೊಟ್ಟುಬಿಡ್ತೇನೆ" ಅನ್ನುತ್ತಾನೆ. ನಲವತ್ತು ವರ್ಷದಲ್ಲಿ ಇದನ್ನು ಎಷ್ಟು ಸಲ ಕೇಳಿದ್ದೇನೋ. ಹಾಗೆ ಕೇಳಿದವರಿಗೆ ನಾನು ಮೊದಲು ಜಪ ಹೇಳಿಕೊಡುತ್ತೇನೆ. ಕೆಲವರು ಬೇರೆ ಭಟ್ಟರನ್ನು ಹುಡುಕಿಕೊಂಡು ಹೋಗುತ್ತಾರೆ.

ಆ ಪುಣ್ಯದ ಭಂಡಾರದ ಮಾತು ಕೇಳಿ ನೆನಪಾದದ್ದು ನಮ್ಮ ಮುಯ್ಯಾಳು. ನನ್ನ ಗದ್ದೆ ನಾಟಿಗೆ ನೀನು ಬಾ, ನಿನ್ನದಕ್ಕೆ ನಾನು ಬರುತ್ತೇನೆ. ಒಬ್ಬನಿಂದ ಆಗದ್ದನ್ನು ಎಲ್ಲರೂ ಸೇರಿ ಮಾಡುವುದು. ಸಂತರು ನಿಮ್ಮ ಬದು ಕಟ್ಟುವುದಕ್ಕೆ ಮುಯ್ಯಿಗೆ ಬಂದ ಹಾಗೆ ಅಲ್ಲವೇ?

ಅತ್ತೂರು_ಹುಡುಗಿ:
ಭಟ್ರೇ, ಎಷ್ಟು ಚೆನ್ನಾಗಿ ಹೇಳಿದಿರಿ! ಸಂತರ ಸಹಭಾಗಿತ್ವ ಅಂತ ನಾವು ಹೇಳುವುದು ಅದೇ. ಬದುಕಿದವರು, ಸತ್ತವರು, ಸಂತರು ಎಲ್ಲ ಒಂದೇ ಮನೆಯವರು. ಒಬ್ಬರಿಗೊಬ್ಬರು ಆಗುತ್ತಾರೆ.

ಬಲ್ಮಠದವನು:
ಅಕ್ಕ, ಭಟ್ರೇ, ನಾನು ಒಪ್ಪದೆ ಇರುವುದು ಇಲ್ಲೇ. ಲೂಥರ್ ಆಮೇಲೆ ತಲುಪಿದ ಜಾಗವೂ ಇದೇ. ಬದು ನಾನು ಕಟ್ಟುವುದಲ್ಲ, ಸಂತರೂ ಕಟ್ಟುವುದಲ್ಲ. ಕ್ರಿಸ್ತ ಒಬ್ಬನೇ ಪೂರ್ತಿ ಕಟ್ಟಿ ಮುಗಿಸಿದ್ದಾನೆ. ನನಗೆ ಉಳಿದದ್ದು ನಂಬುವುದು ಮಾತ್ರ. ಕಟ್ಟಿ ಮುಗಿದ ಬದುವಿಗೆ ಮುಯ್ಯಾಳು ಯಾಕೆ, ಭಂಡಾರ ಯಾಕೆ, ಅದರ ಬೀಗದ ಕೈ ಯಾರ ಹತ್ತಿರವಾದರೂ ಯಾಕೆ? ಹಣದ ಜಗಳ ಆಗಿದ್ದರೆ 1567ಕ್ಕೆ ಮುಗಿಯಬೇಕಿತ್ತು. ಮುಗಿಯದೇ ಇದ್ದದ್ದು ಜಗಳ ಬೀಗದ ಕೈಯದಾಗಿತ್ತು ಅನ್ನುವುದಕ್ಕೆ. ಧಾರವಾಡದ ಅಣ್ಣನಿಗೆ ನಾನು ಸುಲಭ ಅಲ್ಲ ಅಂದದ್ದು ಇದಕ್ಕೇ.

ಇತಿಹಾಸ_ಪ್ರಿಯ:
ಹೌದು, ಒಡಕು ಒಂದೇ ದಿನ ಆದದ್ದಲ್ಲ. 1519ರಲ್ಲಿ ಲೈಪ್ಜಿಗ್ ವಾದದಲ್ಲಿ ಎಕ್ ಅನ್ನುವ ಪಂಡಿತರು ಲೂಥರನ್ನು ಮೂಲೆಗೆ ಒತ್ತಿದರು. ಯಾನ್ ಹುಸ್ ಹೇಳಿದ್ದೆಲ್ಲ ತಪ್ಪಲ್ಲ, ಚರ್ಚಿನ ಮಹಾಸಭೆಯೂ ತಪ್ಪು ಮಾಡಬಹುದು ಅಂತ ಲೂಥರ್ ಬಾಯಿಂದಲೇ ಬಂತು. ಹುಸ್ 1412ರಲ್ಲಿ ಪ್ರಾಗ್‌ನಲ್ಲಿ ಇದೇ ಇಂಡಲ್ಜೆನ್ಸ್ ವಿರುದ್ಧ ಮಾತಾಡಿದವರು. 1415ರಲ್ಲಿ ಅವರನ್ನು ಜೀವಂತ ಸುಟ್ಟಿದ್ದರು. ಹಾಗಾಗಿ ಅದು ಸಣ್ಣ ಮಾತಲ್ಲ. 1520ರ ಜೂನ್‌ನಲ್ಲಿ ಪೋಪರ ಎಚ್ಚರಿಕೆಯ ಆಜ್ಞೆ ಬಂತು, ಡಿಸೆಂಬರ್‌ನಲ್ಲಿ ಲೂಥರ್ ಅದನ್ನು ಸುಟ್ಟರು, 1521ರ ಜನವರಿಯಲ್ಲಿ ಬಹಿಷ್ಕಾರ, ಏಪ್ರಿಲ್‌ನಲ್ಲಿ ವೋರ್ಮ್ಸ್ ಸಭೆಯಲ್ಲಿ ಚಕ್ರವರ್ತಿಯ ಎದುರೇ ಮಾತು ಹಿಂದೆ ತಗೊಳ್ಳುವುದಿಲ್ಲ ಅಂದರು. ಪ್ರೊಟೆಸ್ಟೆಂಟ್ ಅನ್ನುವ ಹೆಸರು ಇನ್ನೂ ಆಮೇಲೆ, 1529ರಲ್ಲಿ. ಸ್ಪೆಯರ್ ಸಭೆಯಲ್ಲಿ ಕೆಲವು ದೊರೆಗಳು, ನಗರಗಳು ಪ್ರತಿಭಟನೆಯ ಪತ್ರ ಕೊಟ್ಟರಲ್ಲ, ಅದರಿಂದ.

ಧಾರವಾಡದಿಂದ:
ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿ ಕೂಡ ಇದಕ್ಕೇ ಪೋಪರನ್ನು ಬಿಟ್ಟದ್ದು ಅಲ್ವಾ?

ಬೀದರ್_ಮೆಥೊಡಿಸ್ಟ್:
ಅಲ್ಲ ಸರ್, ಅದು ಮದುವೆಯ ಗಲಾಟೆ, 1534. ಅದೇ ಹೆನ್ರಿ 1521ರಲ್ಲಿ ಲೂಥರ್ ವಿರುದ್ಧ ಪುಸ್ತಕ ಬರೆದು ಪೋಪರಿಂದ "ಧರ್ಮರಕ್ಷಕ" ಅನ್ನುವ ಬಿರುದು ಪಡೆದಿದ್ದ. ಒಡಕಿನೊಳಗೂ ಒಡಕು ಇದೆ. 1529ರಲ್ಲೇ ಮಾರ್‌ಬುರ್ಗಿನಲ್ಲಿ ಲೂಥರ್, ಸ್ವಿಸ್ ಸುಧಾರಕ ಜ್ವಿಂಗ್ಲಿ ಕೂತು ಕರ್ತನ ಭೋಜನದ (ಆರಾಧನೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ವಿಧಿ) ವಿಷಯದಲ್ಲಿ ಒಪ್ಪದೆ ಎದ್ದು ಹೋದರು. ನಾವು ಮೆಥೊಡಿಸ್ಟರು ಬಂದದ್ದು ಅದಾಗಿ 200 ವರ್ಷದ ಮೇಲೆ.

ಒಳ್ಳೆಯ ಸುದ್ದಿಯೂ ಇದೆ. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಕ್ಯಾಥೊಲಿಕರೂ ಲೂಥರನ್ನರೂ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಮನುಷ್ಯ ದೇವರ ಮುಂದೆ ಸರಿಯಾಗಿ ನಿಲ್ಲುವುದು ತನ್ನ ಕೆಲಸದಿಂದಲ್ಲ, ಕೃಪೆಯಿಂದ ಅಂತ. 2006ರಲ್ಲಿ ನಮ್ಮ ಮೆಥೊಡಿಸ್ಟ್ ಸಭೆಗಳೂ ಸೇರಿದವು. ಬಲ್ಮಠದವರು ಹೇಳಿದ ಬೀಗದ ಕೈ ಇನ್ನೂ ಹಾಗೇ ಇದೆ, ಆದರೆ ಮಾತು ನಿಂತಿಲ್ಲ.

ಲೆಕ್ಕದ_ಪುಸ್ತಕ:
ಆಗ್ಸ್‌ಬರ್ಗ್ ಅಂದರೆ ಫುಗ್ಗರ್ ಊರು!

ಧಾರವಾಡದಿಂದ:
ವಿಷಯ ಸ್ವಲ್ಪ ಬೇರೆ, ಕ್ಷಮಿಸಿ. ನಮ್ಮ ಕಿಟ್ಟೆಲ್ ಲೂಥರನ್ ಮನೆತನದವರು ಅಲ್ವಾ? ಪಾದ್ರಿಯ ಮಗ. ಬಾಸೆಲ್ ಮಿಷನ್ನಿನವರಾಗಿ 1853ರಲ್ಲಿ ಬಂದು 1894ರಲ್ಲಿ ನಿಘಂಟು ಕೊಟ್ಟರು. ಜನರ ಭಾಷೆಯಲ್ಲಿ ದೇವರ ಮಾತು ಇರಬೇಕು ಅಂತ ಲೂಥರ್ 1522ರಲ್ಲಿ ಜರ್ಮನ್ ಹೊಸ ಒಡಂಬಡಿಕೆ ತಂದರಲ್ಲ, ಆ ಹಠವೇ ಇಲ್ಲಿಯವರೆಗೆ ಬಂದದ್ದು ಅಂತ ನನಗೆ ಅನಿಸುತ್ತದೆ.

ಬಲ್ಮಠದವನು:
ಖಂಡಿತ. 1517ರ ಕೊನೆಯಲ್ಲೇ 95 ವಾದಗಳನ್ನು ಅಚ್ಚು ಮಾಡಿದ ಊರುಗಳಲ್ಲಿ ಬಾಸೆಲ್ ಒಂದು. ಅದೇ ಊರಿನ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು, 1843ರಲ್ಲಿ ಮಂಗಳೂರ ಸಮಾಚಾರ ಅಚ್ಚಾಯಿತು. ಅಚ್ಚಿನ ಯಂತ್ರ ಮಾತ್ರ ಎರಡೂ ಕಡೆಗೆ ದುಡಿದಿದೆ. ಗುಟೆನ್‌ಬರ್ಗ್ ಕಾಲದಲ್ಲಿ, 1454ರಲ್ಲೇ, ಮೈನ್ಸಿನಲ್ಲಿ ಅಚ್ಚಾದ ಕಾಗದಗಳಲ್ಲಿ ಇಂಡಲ್ಜೆನ್ಸ್ ಪತ್ರ ಇದೆ. ಖಾಲಿ ಜಾಗ ಬಿಟ್ಟಿದ್ದಾರೆ, ಹೆಸರು, ತಾರೀಕು ತುಂಬಿಸುವುದಕ್ಕೆ.

ಹಾಸನದ_ಮೇಷ್ಟ್ರು:
ನಿಮ್ಮೆಲ್ಲರನ್ನೂ ಎರಡೆರಡು ಸಲ ಓದಿದೆ. ಒಂದು ಮಾತ್ರ ಇನ್ನೂ ಸ್ಪಷ್ಟ ಆಗಿಲ್ಲ. ಈಗಲೂ ಇಂಡಲ್ಜೆನ್ಸ್ ಇದೆ ಅಂದರೆ, ಹಣ ಇಲ್ಲದೆ ಅದು ಹೇಗೆ?

ಅತ್ತೂರು_ಹುಡುಗಿ:
ಇದೆ ಮೇಷ್ಟ್ರೇ. 1967ರಲ್ಲಿ ಆರನೇ ಪೌಲ್ ಪೋಪ್ ಹೊಸ ನಿಯಮ ತಂದರು. ಮೊದಲು ಇಷ್ಟು ದಿನ, ಇಷ್ಟು ವರ್ಷ ಅಂತ ಲೆಕ್ಕ ಇತ್ತು, ಅದನ್ನು ತೆಗೆದರು. ಈಗ ಪೂರ್ತಿ, ಭಾಗಶಃ ಅಂತ ಎರಡೇ. ಪೂರ್ತಿ ಬೇಕಾದರೆ ಪಾಪನಿವೇದನೆ ಮಾಡಬೇಕು, ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಸ್ವೀಕರಿಸಬೇಕು, ಪೋಪರ ಉದ್ದೇಶಗಳಿಗೆ ಪ್ರಾರ್ಥಿಸಬೇಕು, ಮನಸ್ಸಿನಲ್ಲಿ ಯಾವ ಪಾಪದ ಮೇಲೂ ಆಸೆ ಇರಬಾರದು. ಕೊನೆಯದೇ ಕಷ್ಟ. ನಮ್ಮ ಅತ್ತೂರು ಚರ್ಚಿಗೆ 2016ರಲ್ಲಿ ಬಸಿಲಿಕಾ ಅನ್ನುವ ವಿಶೇಷ ಗೌರವ ಸಿಕ್ಕಿತು. ಬಸಿಲಿಕಾಗಳಲ್ಲಿ ವರ್ಷದ ಕೆಲವು ದಿನ ಪೂರ್ಣ ಇಂಡಲ್ಜೆನ್ಸ್ ಇರುತ್ತದೆ. 2025ರ ಜೂಬಿಲಿಯಲ್ಲೂ ಇತ್ತು.

ನವೆಂಬರ್ 1ರಿಂದ 8ರವರೆಗೆ ಸಮಾಧಿಗೆ ಹೋಗಿ ಸತ್ತವರಿಗಾಗಿ ಪ್ರಾರ್ಥಿಸಿದರೆ ಅದು ಅವರಿಗೆ ಸಲ್ಲುತ್ತದೆ. ನನ್ನ ಅಜ್ಜಿ ಮೊಣಕಾಲು ನೋವಿದ್ದರೂ ಎಂಟೂ ದಿನ ಹೋಗುತ್ತಿದ್ದರು. ಅಜ್ಜ, ಹುಟ್ಟಿದ ಮೂರನೇ ದಿನ ತೀರಿಹೋದ ಮಗು, ತನ್ನ ಅಮ್ಮ, ಹೀಗೆ ದಿನಕ್ಕೊಬ್ಬರು. ಯಾರ ಹತ್ತಿರವೂ ಒಂದು ಪೈಸೆ ಕೇಳಲಿಲ್ಲ, ಕೊಡಲೂ ಇಲ್ಲ. ಮೇಣದಬತ್ತಿಯದು ಮಾತ್ರ ಖರ್ಚು. ಈಗ ಅಜ್ಜಿಗಾಗಿ ನಾನು ಹೋಗುತ್ತೇನೆ.

ಬಲ್ಮಠದವನು:
ಅಕ್ಕ, ನಮ್ಮ ಸಭೆಯಲ್ಲಿ ಸತ್ತವರಿಗಾಗಿ ಹೀಗೆ ಪ್ರಾರ್ಥಿಸುವ ಪದ್ಧತಿ ಇಲ್ಲ, ನಿಮಗೆ ಗೊತ್ತು. ಆದರೆ ಒಂದು ಹೇಳುತ್ತೇನೆ. ಲೂಥರ್ ತರುಣರಾಗಿದ್ದಾಗ ರೋಮಿಗೆ ಹೋಗಿದ್ದರು, 1510ರ ಆಸುಪಾಸು. ಅಲ್ಲಿ ಪವಿತ್ರ ಮೆಟ್ಟಿಲುಗಳನ್ನು ಹತ್ತಿದರು, ಒಂದೊಂದು ಮೆಟ್ಟಿಲಿಗೂ ಒಂದು ಪ್ರಾರ್ಥನೆ, ತನ್ನ ಅಜ್ಜನ ಆತ್ಮ ಬಿಡಿಸುವುದಕ್ಕೆ. ಅಪ್ಪ ಅಮ್ಮ ಇನ್ನೂ ಬದುಕಿದ್ದಾರಲ್ಲ, ಇಲ್ಲದಿದ್ದರೆ ಅವರನ್ನೂ ಬಿಡಿಸಬಹುದಿತ್ತು ಅಂತ ಆಗ ಅನಿಸಿತ್ತಂತೆ, ಅವರೇ ಹೇಳಿಕೊಂಡಿದ್ದಾರೆ. ಮೇಲೆ ತಲುಪಿದಾಗ "ಇದು ನಿಜವೋ ಯಾರಿಗೆ ಗೊತ್ತು" ಅನ್ನುವ ಯೋಚನೆ ಬಂತಂತೆ. ನಿಮ್ಮ ಅಜ್ಜಿಯ ಮಾತು ಓದಿದಾಗ ಆ ಮೆಟ್ಟಿಲು ನೆನಪಾಯಿತು.

ನೇರ_ಮಾತು:
ನನಗೆ ಯಾವ ದೇವರ ಮೇಲೂ ನಂಬಿಕೆ ಇಲ್ಲ. ಆದರೂ ಮೊದಲಿಗೆ ನಾನು ಬರೆದ ಸಾಲು ಸಾಲದು ಅಂತ ಈಗ ಅನಿಸುತ್ತಿದೆ. ನಮ್ಮ ಊರಿನಲ್ಲಿ ಒಬ್ಬರು ಪ್ರಾರ್ಥನೆ ಮಾಡಿ ಕಾಯಿಲೆ ವಾಸಿ ಮಾಡುತ್ತೇನೆ ಅಂತ ನನ್ನ ಚಿಕ್ಕಮ್ಮನ ಬಳೆ ತಗೊಂಡು ಹೋದರು. ಚಿಕ್ಕಮ್ಮ ಉಳಿಯಲಿಲ್ಲ. ಅದಕ್ಕೇ ಈ ವಿಷಯ ಬಂದರೆ ನನಗೆ ತಡೆಯುವುದಿಲ್ಲ. ಅಕ್ಕನ ಅಜ್ಜಿಯ ಬಗ್ಗೆ ನಾನು ಮಾತಾಡಿದ್ದಲ್ಲ.

ಅತ್ತೂರು_ಹುಡುಗಿ:
ಗೊತ್ತಾಯಿತು ಅಣ್ಣ. ನಿಮ್ಮ ಚಿಕ್ಕಮ್ಮನ ವಿಷಯ ಕೇಳಿ ತುಂಬ ನೋವಾಯಿತು.

ಹಾಸನದ_ಮೇಷ್ಟ್ರು:
ಇವತ್ತು ಸೋಮವಾರ. ಕ್ಲಾಸ್ ಮುಗಿಸಿ ಬಂದು ಬರೆಯುತ್ತಿದ್ದೇನೆ.

ಮೊದಲು ಮಕ್ಕಳಿಗೆ, ಹೋದ ವಾರ ನಾನು ಹೇಳಿದ್ದರಲ್ಲಿ ಮೂರು ತಪ್ಪಿತ್ತು ಅಂದೆ. ಬೋರ್ಡಿನ ಮೇಲೆ ಬದು ಒಡೆದ ಗದ್ದೆ ಬರೆದೆ. ಕ್ಷಮೆ ಬೇರೆ, ಬದು ಕಟ್ಟುವುದು ಬೇರೆ ಅಂತ ಹೇಳಿದ್ದು ಹಳ್ಳಿಯ ಮಕ್ಕಳಿಗೆ ತಕ್ಷಣ ಹತ್ತಿತು. ಆಮೇಲೆ ಆಲ್ಬ್ರೆಕ್ಟ್‌ನ ಸಾಲದ ಲೆಕ್ಕ ಹಾಕಿಸಿದೆ. ಕೊಲೆಯ ಮಾತು ಆಡಿದ ಹುಡುಗನೇ ಎದ್ದು "ಸರ್, ಜನ ಬದು ಕಟ್ಟೋಕೆ ಅಂತ ಕೊಟ್ಟ ದುಡ್ಡಲ್ಲಿ ಅವನು ಸಾಲ ತೀರಿಸಿದ್ನಾ?" ಅಂತ ಕೇಳಿದ. 43ನೇ ವಾದ, 82ನೇ ವಾದ ಓದಿಸಿದೆ. ಯಾರೂ ನಗಲಿಲ್ಲ.

ಕೊನೆಗೆ ಆ ಹುಡುಗಿಯನ್ನು, ನಿನಗೆ ಏನಾದರೂ ಹೇಳಬೇಕಾ ಅಂತ ಕೇಳಿದೆ. ಬಲವಂತ ಮಾಡಲಿಲ್ಲ. ಎದ್ದು ನಿಂತಳು. ನವೆಂಬರ್‌ನಲ್ಲಿ ಅಪ್ಪನ ಸಮಾಧಿಗೆ ಹೂವು ಇಟ್ಟು ಬರುತ್ತೇವೆ, ಅಮ್ಮ ಅಲ್ಲಿ ಜಪಸರ ಹೇಳುತ್ತಾರೆ, ಅದಕ್ಕೆ ದುಡ್ಡು ಇಲ್ಲ ಅಂದಳು. ಅವಳ ಅಪ್ಪ ಇಲ್ಲ ಅನ್ನುವುದು ನನಗೆ ಗೊತ್ತೇ ಇರಲಿಲ್ಲ.

ಅತ್ತೂರು_ಹುಡುಗಿ:
ಮೇಷ್ಟ್ರೇ, ಓದುತ್ತಾ ಕಣ್ಣು ತುಂಬಿತು. ಈ ನವೆಂಬರ್‌ನಲ್ಲಿ ಅವಳ ಅಪ್ಪನಿಗೂ ಒಂದು ದಿನ ಹೋಗುತ್ತೇನೆ ಅಂತ ಅವಳಿಗೆ ಹೇಳಿ.

ಲೈಪ್ಜಿಗ್_ಕನ್ನಡಿಗ:
ಮೇಷ್ಟ್ರೇ, ಯೂಟರ್‌ಬೋಗಿನ ಪೆಟ್ಟಿಗೆಯ ಫೋಟೊ ಇದೆ, ಕಂಚಿನ ಬಾಗಿಲಿನದೂ ಇದೆ. ಮಕ್ಕಳಿಗೆ ತೋರಿಸುವುದಾದರೆ ಇವತ್ತು ರಾತ್ರಿಯೇ ಹಾಕುತ್ತೇನೆ.

ಹಾಸನದ_ಮೇಷ್ಟ್ರು:
ಹಾಕಿ ಸರ್. ನಾಳೆ ಎರಡನೇ ಪೀರಿಯಡ್ ಅವರದೇ.